ತುಂಬಾ ಖುಷಿಗೆ ಇಂಗ್ಲಿಷ್‌ನಲ್ಲಿ ಯಾವ ಪದ, ವಾಕ್ಯದಲ್ಲಿ ಅದನ್ನು ಎಲ್ಲಿ ಇಡಬೇಕು?

ಟ್ಯೂಷನ್ ಅಕ್ಕ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ಮನೆಯಲ್ಲೇ ಸಂಜೆ ಟ್ಯೂಷನ್ ಹೇಳಿಕೊಡುತ್ತೇನೆ. ಹೈಸ್ಕೂಲು, ಪಿಯುಸಿ ಮಕ್ಕಳು ಬರುತ್ತಾರೆ. ಜಾಸ್ತಿ ಜನ ಕನ್ನಡ ಮೀಡಿಯಂ. ಬರೀ 'ಹ್ಯಾಪಿ' ಅಂತ ಬರೆದರೆ ಮಾರ್ಕ್ಸ್ ಬರಲ್ಲ, ದೊಡ್ಡ ಪದ ಹಾಕಬೇಕು ಅನ್ನೋದು ಇವರ ತಲೆಯಲ್ಲಿ ಕೂತುಬಿಟ್ಟಿದೆ. ಗೈಡಿನ ಕೊನೆಯಲ್ಲಿ ಪದಗಳ ಪಟ್ಟಿ ಇರುತ್ತಲ್ಲ, ಅಲ್ಲಿ ಹ್ಯಾಪಿ ಮುಂದೆ ಓವರ್‌ಜಾಯ್ಡ್, ಡಿಲೈಟೆಡ್, ಎಲೇಟೆಡ್, ಎಕ್ಸ್‌ಟ್ಯಾಟಿಕ್, ಜುಬಿಲೆಂಟ್ ಅಂತ ಸಾಲಾಗಿ ಕೊಟ್ಟಿರುತ್ತಾರೆ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಆಯ್ತು ಅಂದುಕೊಳ್ಳುತ್ತಾರೆ ಮಕ್ಕಳು.

ಪರೀಕ್ಷೆಯಲ್ಲಿ ಪಾಸಾದ ಗೆಳತಿಗೆ ಪತ್ರ ಬರೆಯಿರಿ ಅಂದೆ. ಬಂದ ವಾಕ್ಯಗಳು ಹೀಗಿವೆ.

"ಐ ಆ್ಯಮ್ ವೆರಿ ಓವರ್‌ಜಾಯ್ಡ್ ಫಾರ್ ಯುವರ್ ರಿಸಲ್ಟ್."

"ಐ ಓವರ್‌ಜಾಯ್ಡ್ ವೆನ್ ಐ ಹರ್ಡ್ ದಿ ನ್ಯೂಸ್."

"ಇಟ್ ಈಸ್ ಆ್ಯನ್ ಓವರ್‌ಜಾಯ್ಡ್ ಡೇ ಫಾರ್ ಅವರ್ ಸ್ಕೂಲ್."

ಮೂರೂ ಸರಿಯಿಲ್ಲ. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಡೋದು ಸುಲಭ. ಆದರೆ ಹಾಗೆ ಮಾಡಿದರೆ ಮಕ್ಕಳು ಆ ಪದದ ಸಹವಾಸವೇ ಬೇಡ ಅಂತ ಬಿಟ್ಟುಬಿಡುತ್ತಾರೆ. ಗೆಳತಿ ಪಾಸಾದ ಖುಷಿ ಅವರಿಗೆ ನಿಜವಾಗಿ ಆಗಿರುತ್ತೆ. ಅದನ್ನು ಇಂಗ್ಲಿಷ್‌ನಲ್ಲಿ ನೆಟ್ಟಗೆ ಹೇಳೋಕೆ ಅವರಿಗೆ ಬರಬೇಕು ಅನ್ನೋದು ನನ್ನ ಆಸೆ. ಯಾಕೆ ತಪ್ಪು ಅಂತ ಕನ್ನಡದಲ್ಲೇ ಬಿಡಿಸಿ ಹೇಳೋದು ಹೇಗೆ? ಪಾಠ ಮಾಡಿ ಅನುಭವ ಇರೋರು, ದಿನಾ ಇಂಗ್ಲಿಷ್‌ನಲ್ಲಿ ಬರೆಯೋರು ದಯವಿಟ್ಟು ಹೇಳಿ.

ಕೋಟೆನಾಡಿನ ಮೇಷ್ಟ್ರು (ಚಿತ್ರದುರ್ಗ)

ಒಳ್ಳೆಯ ಪ್ರಶ್ನೆ ತಾಯಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಮೊದಲು 'ವೆರಿ' ವಿಚಾರ ಹಿಡಿಯೋಣ.

ಓವರ್‌ಜಾಯ್ಡ್ ಅಂದರೇನೇ ಖುಷಿ ಮಿತಿ ಮೀರಿದೆ ಅಂತ. ಆ 'ಓವರ್' ಒಳಗೇ 'ತುಂಬಾ' ಇದೆ. ಮೇಲೆ ಇನ್ನೊಂದು 'ತುಂಬಾ' ಹಚ್ಚೋಕೆ ಜಾಗ ಇಲ್ಲ. ಇದನ್ನು ಮಕ್ಕಳಿಗೆ ಹೇಳೋಕೆ ಇಂಗ್ಲಿಷ್ ವ್ಯಾಕರಣ ಬೇಡ. ನಮ್ಮಲ್ಲೇ 'ತುತ್ತತುದಿ' ಅಂತೀವಿ, 'ನಟ್ಟನಡು' ಅಂತೀವಿ, 'ಕಟ್ಟಕಡೆ' ಅಂತೀವಿ. ಜೋಗಿಮಟ್ಟಿ ಬೆಟ್ಟದ ತುತ್ತತುದಿ ಅಂದಮೇಲೆ ಮುಗೀತು. 'ತುಂಬಾ ತುತ್ತತುದಿ' ಅಂತ ಯಾವ ಮಗುವೂ ಹೇಳಲ್ಲ. ತುದಿಗಿಂತ ಮೇಲೆ ಏನಿದೆ? ಓವರ್‌ಜಾಯ್ಡ್, ಎಕ್ಸ್‌ಟ್ಯಾಟಿಕ್, ಡಿಲೈಟೆಡ್, ಥ್ರಿಲ್ಡ್, ಇವೆಲ್ಲ ತುತ್ತತುದಿ ಪದಗಳು. ಹ್ಯಾಪಿ, ಗ್ಲ್ಯಾಡ್, ಪ್ಲೀಸ್ಡ್ ಹಾಗಲ್ಲ. ಅವು ಮೆಟ್ಟಿಲು ಪದಗಳು. ಸ್ವಲ್ಪ ಹ್ಯಾಪಿ, ಜಾಸ್ತಿ ಹ್ಯಾಪಿ, ವೆರಿ ಹ್ಯಾಪಿ, ಎಲ್ಲ ನಡೆಯುತ್ತೆ.

ಅದಕ್ಕೇ 'ವೆರಿ ಓವರ್‌ಜಾಯ್ಡ್' ತಪ್ಪು. 'ಎ ಲಿಟ್ಲ್ ಎಕ್ಸ್‌ಟ್ಯಾಟಿಕ್' ಕೂಡ ತಪ್ಪು. 'ಮೋರ್ ಓವರ್‌ಜಾಯ್ಡ್ ದ್ಯಾನ್ ಮೈ ಸಿಸ್ಟರ್' ಅಂತಲೂ ಬರೆಯೋದಿಲ್ಲ. ಹೋಲಿಸಲೇಬೇಕು ಅಂದರೆ 'ಹ್ಯಾಪಿಯರ್' ಇದೆ. ಒತ್ತು ಕೊಡಲೇಬೇಕು ಅನ್ನಿಸಿದರೆ 'ಆ್ಯಬ್ಸಲ್ಯೂಟ್ಲಿ' ಹಾಕಬಹುದು. "ವಿ ಆರ್ ಆ್ಯಬ್ಸಲ್ಯೂಟ್ಲಿ ಡಿಲೈಟೆಡ್." ಅದು ಅಳತೆ ಏರಿಸೋ ಪದ ಅಲ್ಲ. ಪೂರ್ತಿ, ಖಂಡಿತ ಅಂತ ಮುದ್ರೆ ಒತ್ತೋ ಪದ. 'ರಿಯಲಿ' ಕೂಡ ಹೊಂದುತ್ತೆ.

ಪಿಯುಸಿ ಹುಡುಗಿ (ಜಗಳೂರು)

ಸರ್, ಹಾಗಾದ್ರೆ 'ಸೋ' ಹಾಕಬಹುದಾ? 'ಶಿ ವಾಸ್ ಸೋ ಓವರ್‌ಜಾಯ್ಡ್' ಅಂತ ಒಂದು ಕಥೆಯಲ್ಲಿ ಓದಿದ ನೆನಪು.

ಕೋಟೆನಾಡಿನ ಮೇಷ್ಟ್ರು (ಚಿತ್ರದುರ್ಗ)

ಹಾಕಬಹುದಮ್ಮ. ಆದರೆ ಅಲ್ಲಿಗೇ ನಿಲ್ಲಿಸಬೇಡ. 'ಸೋ' ಹಾಕಿದ ಮೇಲೆ ಅದರಿಂದ ಏನಾಯ್ತು ಅಂತ ಹೇಳಿದರೆ ವಾಕ್ಯಕ್ಕೆ ಕಳೆ ಬರುತ್ತೆ. "ಶಿ ವಾಸ್ ಸೋ ಓವರ್‌ಜಾಯ್ಡ್ ದ್ಯಾಟ್ ಶಿ ಕುಡ್ ನಾಟ್ ಸ್ಪೀಕ್." ಎಷ್ಟು ಖುಷಿಯಾಯ್ತು ಅಂದರೆ ಬಾಯಿಂದ ಮಾತೇ ಹೊರಡಲಿಲ್ಲ. ಕನ್ನಡದಲ್ಲೂ 'ಎಷ್ಟು ಅಂದರೆ' ಅಂತ ಶುರು ಮಾಡಿ ಹಾಗೇ ಬಿಟ್ಟರೆ ಕೇಳೋರು ಕಾಯ್ತಾರೆ, ಅಲ್ವಾ? 'ಟೂ ಓವರ್‌ಜಾಯ್ಡ್ ಟು ಸ್ಪೀಕ್' ಅಂದರೂ ಸರಿ.

ಅನುವಾದ ಆಸಕ್ತ (ಹರಿಹರ)

ಅಕ್ಕ, ನಿಮ್ಮ ಎರಡನೇ ವಾಕ್ಯ ಇದೆಯಲ್ಲ, "ಐ ಓವರ್‌ಜಾಯ್ಡ್ ವೆನ್ ಐ ಹರ್ಡ್", ಎಲ್ಲಕ್ಕಿಂತ ಜಾಸ್ತಿ ಕಾಣೋ ತಪ್ಪು ಅದು. ಯಾಕೆ ಆಗುತ್ತೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ಕಾರಣ, ಪದದ ಕೊನೆಯಲ್ಲಿ 'ಇಡಿ' ಇದೆ. ವಾಕ್ಡ್, ಪ್ಲೇಡ್, ಜಂಪ್ಡ್ ಅಂತ ಭೂತಕಾಲದ ಕ್ರಿಯಾಪದಗಳನ್ನು ಮಕ್ಕಳು ಉರು ಹೊಡೆದಿರುತ್ತಾರೆ. 'ಐ ಜಂಪ್ಡ್' ಸರಿ ಅಂದಮೇಲೆ 'ಐ ಓವರ್‌ಜಾಯ್ಡ್' ಯಾಕೆ ಸರಿಯಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನೋಡೋಕೆ ಒಂದೇ ಥರ ಇದೆ.

ಇನ್ನೊಂದು ಕಾರಣ ನಮ್ಮ ವಾಕ್ಯದ ಕಟ್ಟು. ನಾವು 'ನನಗೆ ಖುಷಿಯಾಯಿತು' ಅಂತೀವಿ. ಇಲ್ಲಿ 'ನಾನು' ಇಲ್ಲ, 'ನನಗೆ' ಇದೆ. ಖುಷಿ ಅನ್ನೋದು ನನ್ನ ಹತ್ತಿರ ಬರುತ್ತೆ, ಆಗುತ್ತೆ. ಕ್ರಿಯೆ ಖುಷಿಯದ್ದು. ಇಂಗ್ಲಿಷ್‌ನಲ್ಲಿ ಖುಷಿ ಎಲ್ಲಿಂದಲೂ ಬರಲ್ಲ. ನಾನು ಆ ಸ್ಥಿತಿಯಲ್ಲಿ ಇದ್ದೆ ಅಂತ ಹೇಳಬೇಕು. ಆ 'ಇದ್ದೆ' ಅನ್ನೋದೇ 'ವಾಸ್'. ಇದು ತಿಳಿಯದೆ ಕೆಲವರು 'ಐ ಗಾಟ್ ವೆರಿ ಹ್ಯಾಪಿನೆಸ್' ಅಂತ ಬರೆಯುತ್ತಾರೆ, ಇನ್ನು ಕೆಲವರು 'ಟು ಮಿ ಹ್ಯಾಪಿ ಬಿಕೇಮ್' ಅನ್ನೋ ಥರ ಬರೆಯುತ್ತಾರೆ. ದಡ್ಡತನ ಅಲ್ಲ ಅದು. ಕನ್ನಡದ ಕಟ್ಟು ಅಷ್ಟು ಗಟ್ಟಿಯಾಗಿ ಒಳಗೆ ಕೂತಿದೆ.

ನಾನು ಹೇಳಿಕೊಡೋ ಉಪಾಯ ಇದು. ದೊಡ್ಡ ಪದ ಬರೆದ ಮೇಲೆ ಅದರ ಮೇಲೆ ಬೆರಳಿಟ್ಟು ಮುಚ್ಚಿ, ಆ ಜಾಗದಲ್ಲಿ 'ಹ್ಯಾಪಿ' ಇಟ್ಟು ಜೋರಾಗಿ ಓದಿ. "ಐ ಹ್ಯಾಪಿ ವೆನ್ ಐ ಹರ್ಡ್ ದಿ ನ್ಯೂಸ್." ಆರನೇ ಕ್ಲಾಸಿನ ಮಗುವಿಗೂ ಏನೋ ಬಿಟ್ಟುಹೋಗಿದೆ ಅಂತ ಕೂಡಲೇ ಕಿವಿಗೆ ಹೊಡೆಯುತ್ತೆ. 'ವಾಸ್' ತಾನಾಗೇ ಬರುತ್ತೆ. "ಐ ವಾಸ್ ಓವರ್‌ಜಾಯ್ಡ್ ವೆನ್ ಐ ಹರ್ಡ್ ದಿ ನ್ಯೂಸ್."

ಟ್ಯೂಷನ್ ಅಕ್ಕ (ದಾವಣಗೆರೆ)

ಬೆರಳಿಟ್ಟು ಮುಚ್ಚೋ ಉಪಾಯ ಚೆನ್ನಾಗಿದೆ. ಆದರೆ ಮೂರನೇ ವಾಕ್ಯಕ್ಕೆ ಅದು ಕೈಕೊಡುತ್ತೆ ನೋಡಿ. 'ಆ್ಯನ್ ಓವರ್‌ಜಾಯ್ಡ್ ಡೇ' ತಪ್ಪು. ಬೆರಳಿಟ್ಟು ಓದಿದರೆ 'ಎ ಹ್ಯಾಪಿ ಡೇ' ಆಗುತ್ತೆ. ಅದು ಸರಿಯಾದ ಇಂಗ್ಲಿಷ್. ಮಗು ನನ್ನದು ಸರಿ ಇದೆ ಅಂದುಕೊಳ್ಳುತ್ತೆ.

ಅನುವಾದ ಆಸಕ್ತ (ಹರಿಹರ)

ಹೌದು, ಅಲ್ಲಿಗೆ ಇನ್ನೊಂದು ಪ್ರಶ್ನೆ ಬೇಕು. ಖುಷಿ ಪಡುತ್ತಿರೋದು ಯಾರು? ದಿನ ಖುಷಿ ಪಡುತ್ತಾ? ಸುದ್ದಿ ಖುಷಿ ಪಡುತ್ತಾ? ಇಲ್ಲ. ಓವರ್‌ಜಾಯ್ಡ್ ಆಗೋದು ಜೀವ ಇರೋರು ಮಾತ್ರ. ದಿನಕ್ಕೆ, ಸಮಾರಂಭಕ್ಕೆ, ಸುದ್ದಿಗೆ 'ಜಾಯ್‌ಫುಲ್' ಅಥವಾ 'ಜಾಯಸ್' ಇದೆ. "ಇಟ್ ವಾಸ್ ಎ ಜಾಯಸ್ ಡೇ ಫಾರ್ ಅವರ್ ಸ್ಕೂಲ್."

ಇದೇ ಜೋಡಿಗಳನ್ನು ಮಕ್ಕಳು ಅದಲುಬದಲು ಮಾಡೋದು. ನಾನು ಥ್ರಿಲ್ಡ್, ಪಂದ್ಯ ಥ್ರಿಲ್ಲಿಂಗ್. ನಾನು ಡಿಲೈಟೆಡ್, ಸಂಜೆ ಡಿಲೈಟ್‌ಫುಲ್. 'ಐ ಆ್ಯಮ್ ಡಿಲೈಟ್‌ಫುಲ್ ಟು ಮೀಟ್ ಯು' ಅಂದರೆ ನಾನು ಬಹಳ ಮನಮೋಹಕ ವ್ಯಕ್ತಿ ಅಂತ ನಮ್ಮನ್ನು ನಾವೇ ಹೊಗಳಿಕೊಂಡ ಹಾಗೆ. ಓವರ್‌ಜಾಯ್ಡ್‌ಗೆ ಈ ಜೋಡಿ ಇಲ್ಲ. 'ಓವರ್‌ಜಾಯಿಂಗ್ ನ್ಯೂಸ್' ಅಂತ ಯಾರೂ ಬರೆಯಲ್ಲ.

ಎಕ್ಸ್‌ಟ್ಯಾಟಿಕ್ ಮಾತ್ರ ಎರಡೂ ಕಡೆ ಓಡಾಡುತ್ತೆ. ಮನುಷ್ಯನೂ ಎಕ್ಸ್‌ಟ್ಯಾಟಿಕ್ ಆಗಬಹುದು, 'ಆ್ಯನ್ ಎಕ್ಸ್‌ಟ್ಯಾಟಿಕ್ ವೆಲ್‌ಕಮ್' ಅಂತ ಸ್ವಾಗತಕ್ಕೂ ಹೇಳಬಹುದು.

ಮಾರಿಕಣಿವೆ ರೈತ (ಹಿರಿಯೂರು)

ಮೇಷ್ಟ್ರಿಗೆ, ಅಕ್ಕನವರಿಗೆ ನಮಸ್ಕಾರ. ತೋಟ ಮಾಡಿಕೊಂಡಿದ್ದೇನೆ. ಬಿ.ಎ.ನಲ್ಲಿ ಇಂಗ್ಲಿಷ್ ಓದಿದ್ದೇನೆ. ಈಗಲೂ ದಿನಾ ಇಂಗ್ಲಿಷ್ ಪೇಪರ್ ತಿರುವಿ ಹಾಕದಿದ್ದರೆ ಸಮಾಧಾನ ಇಲ್ಲ. ಈ ಪದಗಳ ವ್ಯತ್ಯಾಸ ನನಗೆ ಸ್ಪಷ್ಟವಾಗಿದ್ದು ನಮ್ಮ ಡ್ಯಾಮ್ ತುಂಬಿದಾಗ.

ವಾಣಿವಿಲಾಸ ಸಾಗರ ನಿಮಗೆಲ್ಲ ಗೊತ್ತು. ವೇದಾವತಿಗೆ ಅಡ್ಡ ಕಟ್ಟಿದ್ದು, 1907ರಲ್ಲಿ ಮುಗಿದಿದ್ದು. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷ! ಊರಿನ ಹಿರಿಯರು ಕೂಡ ಕೋಡಿ ಬೀಳೋದನ್ನು ಕೇಳಿದ್ದರೇ ಹೊರತು ಕಂಡಿರಲಿಲ್ಲ. ಅವತ್ತು ಕೋಡಿ ಹತ್ತಿರ ಕಾಲಿಡೋಕೆ ಜಾಗ ಇರಲಿಲ್ಲ. ಹೆಂಗಸರು ಮೊರದಲ್ಲಿ ಬಾಗಿನ ಹಿಡಿದು ಬಂದಿದ್ದರು. ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ನನ್ನ ಪಕ್ಕ ಒಬ್ಬ ಅಜ್ಜ ಟವೆಲ್ ತಲೆಗೆ ಸುತ್ತಿಕೊಂಡು ನಿಂತಿದ್ದರು. ಅವರು ಕೂಗಲಿಲ್ಲ, ಫೋಟೋ ತೆಗೀಲಿಲ್ಲ. ನೀರು ದುಮುಕೋದನ್ನೇ ನೋಡ್ತಾ ಇದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಈಗ ಪದಕ್ಕೆ ಬರ್ತೀನಿ. ಆ ಶಿಳ್ಳೆ ಹೊಡೆಯೋ ಗುಂಪು 'ಜುಬಿಲೆಂಟ್'. ಈ ಪದಕ್ಕೆ ಸದ್ದು ಬೇಕು, ಸಂಭ್ರಮ ಹೊರಗೆ ಕಾಣಬೇಕು. ಗೆದ್ದವರಿಗೆ, ಬಹಳ ಕಾಲ ಕಾದಿದ್ದು ಕೈಗೆ ಬಂದವರಿಗೆ ಹೇಳೋ ಪದ. "ಜುಬಿಲೆಂಟ್ ಕ್ರೌಡ್ಸ್ ಗ್ಯಾದರ್ಡ್ ನಿಯರ್ ದಿ ಡ್ಯಾಮ್." ಆ ಅಜ್ಜನಿಗೆ ಜುಬಿಲೆಂಟ್ ಅಂದರೆ ಹೊಂದೋದೇ ಇಲ್ಲ. ಅವರು 'ಓವರ್‌ಜಾಯ್ಡ್'. "ದಿ ಓಲ್ಡ್ ಮ್ಯಾನ್ ವಾಸ್ ಓವರ್‌ಜಾಯ್ಡ್ ಟು ಸೀ ದಿ ವಾಟರ್." ಖುಷಿ ಒಳಗೆ ತುಂಬಿ ಬಂದಿದೆ, ಸದ್ದು ಇಲ್ಲದಿದ್ದರೂ ಪರವಾಗಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆಗ ನಾವೆಲ್ಲ 'ಡಿಲೈಟೆಡ್' ಅಂತ ನಾನು ಹೇಳ್ತೀನಿ. ಖುಷಿ ಕಮ್ಮಿ ಅಂತಲ್ಲ, ಆದರೆ 2022ರ ಹಾಗೆ ಗಂಟಲು ಕಟ್ಟಲಿಲ್ಲ.

ಅಕ್ಕ, ಮಕ್ಕಳಿಗೆ ಪಟ್ಟಿ ಕೊಡಬೇಡಿ. ಯಾರು, ಯಾವಾಗ, ಹೇಗೆ ಖುಷಿಪಟ್ಟರು ಅಂತ ಒಂದು ಘಟನೆ ಕೊಟ್ಟು ಪದ ಆರಿಸೋಕೆ ಹೇಳಿ.

ಟ್ಯೂಷನ್ ಅಕ್ಕ (ದಾವಣಗೆರೆ)

ಅಣ್ಣ, ನೀವು ಹೇಳಿದ್ದನ್ನು ಓದಿ ಕಣ್ಣು ತುಂಬಿ ಬಂತು. ಈ ಘಟನೆಯನ್ನೇ ಮಕ್ಕಳಿಗೆ ಹೇಳ್ತೀನಿ.

ಪೇಪರ್ ಓದುಗ (ಚಳ್ಳಕೆರೆ)

ಒಂದು ಅನುಮಾನ. ಓವರ್‌ಜಾಯ್ಡ್ ಅನ್ನೋದನ್ನು ಹೆಸರಿನ ಹಿಂದೆ ಇಡಬಾರದು, 'ವಾಸ್' ಆದಮೇಲೆ ಮಾತ್ರ ಇಡಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಆದರೆ ಇಂಗ್ಲಿಷ್ ಪೇಪರ್‌ಗಳಲ್ಲಿ 'ಓವರ್‌ಜಾಯ್ಡ್ ಪೇರೆಂಟ್ಸ್' ಅಂತ ಎಷ್ಟೋ ಸಲ ನೋಡಿದ್ದೇನೆ. ಕಳೆದುಹೋದ ಮಗು ಸಿಕ್ಕಿತು ಅನ್ನೋ ಥರದ ಸುದ್ದಿಗಳಲ್ಲಿ. ಯಾವುದು ಸರಿ?

ಕೋಟೆನಾಡಿನ ಮೇಷ್ಟ್ರು (ಚಿತ್ರದುರ್ಗ)

ಹೆಸರಿನ ಹಿಂದೆ ಬರಲ್ಲ ಅಂತ ಕಲಿಯುವವರ ನಿಘಂಟುಗಳಲ್ಲಿ ಗುರುತು ಹಾಕಿರುತ್ತಾರೆ. ಮಕ್ಕಳು ಅದನ್ನೇ ಪಾಲಿಸಲಿ. 'ಗ್ಲ್ಯಾಡ್' ಕೂಡ ಇದೇ ಜಾತಿ. 'ದಿ ಮ್ಯಾನ್ ಈಸ್ ಗ್ಲ್ಯಾಡ್' ಸರಿ, 'ಎ ಗ್ಲ್ಯಾಡ್ ಮ್ಯಾನ್' ಅಂತ ಸಾಮಾನ್ಯವಾಗಿ ಬರೆಯೋದಿಲ್ಲ.

ಪೇಪರ್‌ನವರಿಗೆ ಜಾಗ ಕಮ್ಮಿ. ಹೇಳಬೇಕಾದ್ದನ್ನೆಲ್ಲ ಒಂದೇ ಸಾಲಿಗೆ ತುರುಕಬೇಕು. ಅದಕ್ಕೆ ಪದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಓದಿದಾಗ ಅರ್ಥ ಆಗುತ್ತೆ, ತಪ್ಪು ಅಂತ ನಾನು ಹೇಳಲ್ಲ.

ಪೇಪರ್ ಓದುಗ (ಚಳ್ಳಕೆರೆ)

ಇಷ್ಟು ಜನ ಬರೆಯುತ್ತಿದ್ದಾರೆ ಅಂದಮೇಲೆ ಮಕ್ಕಳು ಬರೆದರೆ ಮಾತ್ರ ಯಾಕೆ ಗೆರೆ ಎಳೀಬೇಕು ಮೇಷ್ಟ್ರೇ? ಭಾಷೆ ಬಳಕೆಯಿಂದಲೇ ಬೆಳೆಯೋದು.

ಕೋಟೆನಾಡಿನ ಮೇಷ್ಟ್ರು (ಚಿತ್ರದುರ್ಗ)

ನಿಮ್ಮ ಮಾತು ನ್ಯಾಯವಾಗಿದೆ. 'ಓವರ್‌ಜಾಯ್ಡ್ ಪೇರೆಂಟ್ಸ್' ಅಂತ ಮಗು ಬರೆದರೆ ನಾನಂತೂ ಮಾರ್ಕ್ಸ್ ಕಳೆಯಲ್ಲ. ಆದರೆ ಪೇಪರ್ ತಿದ್ದೋರು ಯಾರು ಅಂತ ಮಗುವಿಗೆ ಗೊತ್ತಿರಲ್ಲ. ಪರೀಕ್ಷೆ ಬರೆಯೋ ಮಗುವಿಗೆ ಅನುಮಾನವಿಲ್ಲದ ದಾರಿಯನ್ನೇ ತೋರಿಸಬೇಕು. 'ದಿ ಪೇರೆಂಟ್ಸ್ ವರ್ ಓವರ್‌ಜಾಯ್ಡ್' ಅಂದರೆ ಯಾರೂ ಬೆರಳು ತೋರಿಸೋ ಹಾಗಿಲ್ಲ. ಹೆಸರಿನ ಹಿಂದೆಯೇ ಬೇಕು ಅಂದರೆ 'ಡಿಲೈಟೆಡ್ ಪೇರೆಂಟ್ಸ್', 'ಜುಬಿಲೆಂಟ್ ಸ್ಟೂಡೆಂಟ್ಸ್' ಅನ್ನಬಹುದು.

ಮಂಡಿಪೇಟೆ ಅಕೌಂಟ್ಸ್ (ದಾವಣಗೆರೆ)

ಆಫೀಸಿನ ಕಡೆಯಿಂದ ನನ್ನದೊಂದು ಮಾತು. ನಾನು ಅಂಗಡಿ, ಕಂಪನಿಗಳ ಲೆಕ್ಕ ನೋಡುತ್ತೇನೆ. ದಿನಾ ಇಂಗ್ಲಿಷ್ ಮೇಲ್ ಬರೆಯಬೇಕು. ಹೊಸದಾಗಿ ಸೇರೋ ಹುಡುಗ ಹುಡುಗಿಯರು ಬಹಳ ಚುರುಕು, ಆದರೆ ಎಲ್ಲದಕ್ಕೂ ದೊಡ್ಡ ಪದವನ್ನೇ ತೆಗೆಯುತ್ತಾರೆ. "ವಿ ಆರ್ ಓವರ್‌ಜಾಯ್ಡ್ ಟು ಇನ್ಫಾರ್ಮ್ ಯು ದ್ಯಾಟ್ ಯುವರ್ ಇನ್‌ವಾಯ್ಸ್ ಈಸ್ ರೆಡಿ." ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಬಿಲ್ ರೆಡಿಯಾಗಿದ್ದಕ್ಕೆ ಅಷ್ಟು ಆನಂದ ಯಾಕೆ ಅಂತ ಓದಿದವರು ಗೊಂದಲ ಪಡುತ್ತಾರೆ. ಅಲ್ಲಿ 'ಪ್ಲೀಸ್ಡ್' ಕೂಡ ಬೇಡ. "ಯುವರ್ ಇನ್‌ವಾಯ್ಸ್ ಈಸ್ ರೆಡಿ." ಮುಗೀತು.

ಕೆಲಸದ ಆಫರ್ ಬಂದಾಗ "ಐ ಆ್ಯಮ್ ಡಿಲೈಟೆಡ್ ಟು ಆ್ಯಕ್ಸೆಪ್ಟ್ ದಿ ಆಫರ್" ಅಂತ ಬರೆಯಿರಿ. ಡಿಲೈಟೆಡ್‌ನಲ್ಲಿ ಖುಷಿಯೂ ಇದೆ, ಗೌರವವೂ ಇದೆ. ಓವರ್‌ಜಾಯ್ಡ್ ಅಂತ ಬರೆದರೆ ತಪ್ಪಲ್ಲ, ಆದರೆ ಮನೆಯವರಿಗೆ ಫೋನ್ ಮಾಡಿ ಹೇಳೋ ಮಾತನ್ನು ಎಚ್‌ಆರ್‌ಗೆ ಹೇಳಿದ ಹಾಗಾಗುತ್ತೆ. ಕರೆಯೋಲೆಗೆ ಉತ್ತರ ಕೊಡುವಾಗ 'ಐ ವುಡ್ ಬಿ ಡಿಲೈಟೆಡ್ ಟು ಅಟೆಂಡ್'. ಲಿಂಕ್ಡ್‌ಇನ್‌ನಲ್ಲಿ ಎಲ್ಲರೂ 'ಥ್ರಿಲ್ಡ್ ಟು ಅನೌನ್ಸ್' ಅಂತಾರೆ, ಅಲ್ಲಿ ಅದು ನಡೆಯುತ್ತೆ.

ಹಳೇ ಪತ್ರಗಳಲ್ಲಿ 'ಐ ಆ್ಯಮ್ ವೆರಿ ಮಚ್ ಹ್ಯಾಪಿ' ಅಂತ ಇರುತ್ತೆ. ನಮ್ಮ ಕಡೆ ಭಾಷಣಗಳಲ್ಲೂ ಕೇಳ್ತೀವಿ. 'ವೆರಿ ಹ್ಯಾಪಿ' ಸಾಕು, ಆ 'ಮಚ್' ಬಿಡಿಸಿ.

ಟ್ಯೂಷನ್ ಅಕ್ಕ (ದಾವಣಗೆರೆ)

ಇನ್ನು ಆ 'ಫಾರ್' ಒಂದು ಉಳಿದಿದೆ. 'ಓವರ್‌ಜಾಯ್ಡ್ ಫಾರ್ ಯುವರ್ ರಿಸಲ್ಟ್'. ಮಕ್ಕಳು ಎಲ್ಲ ಕಡೆ ಫಾರ್ ಹಾಕ್ತಾರೆ.

ಅನುವಾದ ಆಸಕ್ತ (ಹರಿಹರ)

'ರಿಸಲ್ಟಿಗೆ ಖುಷಿಯಾಯ್ತು' ಅಂತೀವಲ್ಲ, ಆ 'ಗೆ' ನೇರವಾಗಿ 'ಫಾರ್' ಆಗಿ ಇಳಿಯುತ್ತೆ. ಓವರ್‌ಜಾಯ್ಡ್ ಮುಂದೆ ವಿಷಯ ಬಂದರೆ 'ಆ್ಯಟ್': "ಐ ವಾಸ್ ಓವರ್‌ಜಾಯ್ಡ್ ಆ್ಯಟ್ ಯುವರ್ ರಿಸಲ್ಟ್." ಮಾಡಿದ ಕೆಲಸ ಬಂದರೆ 'ಟು': "ಓವರ್‌ಜಾಯ್ಡ್ ಟು ಹಿಯರ್ ಇಟ್." ಪೂರ್ತಿ ವಾಕ್ಯವೇ ಬಂದರೆ 'ದ್ಯಾಟ್': "ಓವರ್‌ಜಾಯ್ಡ್ ದ್ಯಾಟ್ ಯು ಪಾಸ್ಡ್." ಈ ಮೂರು ಕೈಯಲ್ಲಿದ್ದರೆ ಮಕ್ಕಳಿಗೆ ಯಾವ ಪತ್ರವೂ ಕಷ್ಟ ಆಗಲ್ಲ. 'ಬೈ' ಕೂಡ ಇದೆ, ಆದರೆ ಒಂದೇ ಸಲ ಎಲ್ಲ ಹೇಳಬೇಡಿ.

'ಫಾರ್' ಪೂರ್ತಿ ತಪ್ಪಲ್ಲ. ಅದರ ಮುಂದೆ ಮನುಷ್ಯ ಬರಬೇಕು ಅಷ್ಟೇ. "ಐ ಆ್ಯಮ್ ಓವರ್‌ಜಾಯ್ಡ್ ಫಾರ್ ಯು." ನಿನ್ನ ಪರವಾಗಿ ನನಗೆ ಖುಷಿ ಅಂತ. ಎಷ್ಟು ಆತ್ಮೀಯವಾದ ವಾಕ್ಯ ಅದು!

ಬೇರೆ ಪದಗಳ ಜೊತೆಗಾರರು ಸ್ವಲ್ಪ ಬೇರೆ. ಡಿಲೈಟೆಡ್, ಥ್ರಿಲ್ಡ್ ಎರಡಕ್ಕೂ 'ವಿತ್' ಚೆನ್ನಾಗಿ ಹೊಂದುತ್ತೆ: 'ಡಿಲೈಟೆಡ್ ವಿತ್ ದಿ ಗಿಫ್ಟ್'. ಎಕ್ಸ್‌ಟ್ಯಾಟಿಕ್‌ಗೆ 'ಅಬೌಟ್'. ಎಲೇಟೆಡ್‌ಗೆ 'ಆ್ಯಟ್' ಅಥವಾ 'ಬೈ'. ಎಲೇಟೆಡ್ ಅನ್ನೋದನ್ನು ಏನಾದರೂ ಸಾಧಿಸಿದಾಗ, ಗೆದ್ದಾಗ ಜಾಸ್ತಿ ಬಳಸೋದು.

ಪಿಯುಸಿ ಹುಡುಗಿ (ಜಗಳೂರು)

ಇಷ್ಟೆಲ್ಲ ಓದಿ ನಾನೇ ಒಂದು ಪತ್ರದ ತುಣುಕು ಬರೆದಿದ್ದೇನೆ. ನಮ್ಮ ಅಕ್ಕನಿಗೆ ದಾವಣಗೆರೆಯಲ್ಲಿ ನರ್ಸಿಂಗ್ ಸೀಟ್ ಸಿಕ್ಕಿದೆ. ಅವಳಿಗೇ ಕಳಿಸಬೇಕು ಅಂತ. ಮೇಷ್ಟ್ರು ನೋಡಿ ಹೇಳ್ತೀರಾ?

"ಡಿಯರ್ ಅಕ್ಕ, ಐ ವಾಸ್ ಓವರ್‌ಜಾಯ್ಡ್ ಟು ಹಿಯರ್ ಅಬೌಟ್ ಯುವರ್ ಸೀಟ್. ಅಮ್ಮ ವಾಸ್ ಎಕ್ಸ್‌ಟ್ಯಾಟಿಕ್ ಆ್ಯಂಡ್ ಅಪ್ಪ ವಾಸ್ ಎಲೇಟೆಡ್. ದಿ ಹೋಲ್ ಫ್ಯಾಮಿಲಿ ಈಸ್ ಜುಬಿಲೆಂಟ್. ಇಟ್ ಈಸ್ ಎ ಜಾಯಸ್ ಮೊಮೆಂಟ್."

ಕೋಟೆನಾಡಿನ ಮೇಷ್ಟ್ರು (ಚಿತ್ರದುರ್ಗ)

ಮೊದಲು ನಿಮ್ಮ ಅಕ್ಕನಿಗೆ ಅಭಿನಂದನೆ. ಮನೆಗೆಲ್ಲ ಖುಷಿ ತಂದಿದ್ದಾಳೆ.

ವ್ಯಾಕರಣಕ್ಕೆ ಪೂರ್ತಿ ಮಾರ್ಕ್ಸ್. ಒಂದು ಪದವೂ ಜಾಗ ತಪ್ಪಿಲ್ಲ. ಆದರೆ ಐದು ತುತ್ತತುದಿ ಪದಗಳು ಒಟ್ಟಿಗೆ ಬಂದಿವೆ. ಒಂದು ಇನ್ನೊಂದರ ಬಲ ತಿಂದುಹಾಕುತ್ತೆ. ಕೊನೆಗೆ ಯಾರ ಖುಷಿಯೂ ಕಣ್ಣಿಗೆ ಕಾಣಲ್ಲ. ಒಂದೇ ಒಂದು ಪದ ಇಟ್ಟುಕೋ. ಮಿಕ್ಕಿದ್ದಕ್ಕೆ ಮನೆಯಲ್ಲಿ ಏನಾಯ್ತು ಅಂತ ಬರಿ. ಸುದ್ದಿ ಬಂದಾಗ ಅಮ್ಮ ಏನು ಮಾಡುತ್ತಿದ್ದರು? ಅಪ್ಪ ಏನಂದರು?

ಪಿಯುಸಿ ಹುಡುಗಿ (ಜಗಳೂರು)

ಅಮ್ಮ ರೊಟ್ಟಿ ತಟ್ಟುತ್ತಿದ್ದರು ಸರ್. ಹಿಟ್ಟಿನ ಕೈಯಲ್ಲೇ ಫೋನ್ ಕಿತ್ತುಕೊಂಡು ಇನ್ನೊಂದು ಸಲ ಓದು ಅಂದರು. ಅಪ್ಪ ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಬೀದಿಯವರಿಗೆಲ್ಲ ಹೇಳಿ ಬಂದರು.

ಕೋಟೆನಾಡಿನ ಮೇಷ್ಟ್ರು (ಚಿತ್ರದುರ್ಗ)

ಅದನ್ನೇ ಬರಿ ತಾಯಿ! ಹೀಗೆ:

"ಡಿಯರ್ ಅಕ್ಕ, ವಿ ಆರ್ ಓವರ್‌ಜಾಯ್ಡ್ ದ್ಯಾಟ್ ಯು ಗಾಟ್ ದಿ ಸೀಟ್. ಅಮ್ಮ ಟುಕ್ ದಿ ಫೋನ್ ವಿತ್ ಫ್ಲೋರ್ ಆನ್ ಹರ್ ಹ್ಯಾಂಡ್ಸ್ ಆ್ಯಂಡ್ ಮೇಡ್ ಮಿ ರೀಡ್ ದಿ ಮೆಸೇಜ್ ಅಗೇನ್. ಅಪ್ಪ ಸೆಡ್ ನಥಿಂಗ್. ಹಿ ಜಸ್ಟ್ ವೆಂಟ್ ಔಟ್ ಆ್ಯಂಡ್ ಟೋಲ್ಡ್ ದಿ ಹೋಲ್ ಸ್ಟ್ರೀಟ್."

ಇಲ್ಲಿ ಓವರ್‌ಜಾಯ್ಡ್ ಒಂದೇ ಸಲ ಇದೆ. ಕೆಳಗಿನ ಮೂರು ವಾಕ್ಯಗಳೂ ಅದಕ್ಕೆ ಸಾಕ್ಷಿ ಹೇಳುತ್ತಿವೆ. ಅಕ್ಕ ಇದನ್ನು ಇಟ್ಟುಕೊಳ್ಳುತ್ತಾಳೆ ನೋಡು.

ಮಾರಿಕಣಿವೆ ರೈತ (ಹಿರಿಯೂರು)

ಬಹಳ ಚೆನ್ನಾಗಿದೆ ಮೇಷ್ಟ್ರೇ. ಆ ಹಿಟ್ಟಿನ ಕೈ ಒಂದೇ ಸಾಕು.

ಮಂಡಿಪೇಟೆ ಅಕೌಂಟ್ಸ್ (ದಾವಣಗೆರೆ)

ಒಂದು ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಈ ದೊಡ್ಡ ಪದಗಳ ಅಗತ್ಯವಾದರೂ ಏನು? 'ವೆರಿ ಹ್ಯಾಪಿ' ಸರಿಯಾದ ಇಂಗ್ಲಿಷ್. ಇಂಗ್ಲಿಷ್ ಮನೆಮಾತಾಗಿರೋರೂ ದಿನಾ ಅದನ್ನೇ ಬಳಸುತ್ತಾರೆ. ಕನ್ನಡ ಮೀಡಿಯಂ ಮಕ್ಕಳ ಮೇಲೆ ಇಷ್ಟು ಭಾರ ಹೇರಬೇಕಾ? ಮೊದಲು ಸಣ್ಣ ಪದದಲ್ಲಿ ತಪ್ಪಿಲ್ಲದೆ ಬರೆಯಲಿ.

ಟ್ಯೂಷನ್ ಅಕ್ಕ (ದಾವಣಗೆರೆ)

ಅಣ್ಣ, ಅರ್ಧ ಒಪ್ತೀನಿ. ಬೆಣ್ಣೆ ದೋಸೆ ತಿಂದಿದ್ದಕ್ಕೆ, ಗಾಜಿನ ಮನೆ ನೋಡಿ ಬಂದಿದ್ದಕ್ಕೆ ಹ್ಯಾಪಿ ಸಾಕು. ಅಲ್ಲಿ ಓವರ್‌ಜಾಯ್ಡ್ ಬರೆದರೆ ನಾನೇ ಬದಲಾಯಿಸ್ತೀನಿ. ಹ್ಯಾಪಿ ಬರೆದರೆ ಮಾರ್ಕ್ಸ್ ಬರಲ್ಲ ಅನ್ನೋ ಭಯವನ್ನು ಮೊದಲು ಬಿಡಿಸಬೇಕು, ಅದೂ ನಿಜ.

ಆದರೆ ಇನ್ನರ್ಧ ಒಪ್ಪೋಕೆ ಆಗಲ್ಲ. ಕನ್ನಡದಲ್ಲಿ ಈ ಮಕ್ಕಳ ಬಾಯಲ್ಲಿ ಎಷ್ಟು ಮಾತಿದೆ ನೋಡಿ. 'ಹಿಗ್ಗಿ ಹೀರೇಕಾಯಿ ಆದ' ಅಂತಾರೆ, 'ಕುಣಿದು ಕುಪ್ಪಳಿಸಿದ' ಅಂತಾರೆ, 'ಸ್ವರ್ಗಕ್ಕೆ ಮೂರೇ ಗೇಣು' ಅಂತಾರೆ. ಯಾವ ಖುಷಿಗೆ ಯಾವ ಮಾತು ಅಂತ ಯಾರೂ ಹೇಳಿಕೊಡದೇ ಗೊತ್ತು. ಅಂಥ ಮಕ್ಕಳು ಇಂಗ್ಲಿಷ್‌ಗೆ ಬಂದ ಕೂಡಲೇ ಒಂದೇ ಪದದಲ್ಲಿ ಇರಿ ಅಂದರೆ ನನಗೆ ಸಂಕಟ ಆಗುತ್ತೆ. ಅವರಿಗೆ ಇದು ಬರುತ್ತೆ. ಜಗಳೂರಿನ ಹುಡುಗಿ ಈಗ ತಾನೇ ತೋರಿಸಿದಳಲ್ಲ. ದೊಡ್ಡ ಪದವನ್ನು ದೊಡ್ಡ ಸಂದರ್ಭಕ್ಕೆ ಅಂತ ಎತ್ತಿಟ್ಟುಕೊಳ್ಳಲಿ, ಬಂದಾಗ ಧೈರ್ಯವಾಗಿ ತೆಗೆಯಲಿ.

ಮಂಡಿಪೇಟೆ ಅಕೌಂಟ್ಸ್ (ದಾವಣಗೆರೆ)

ಎತ್ತಿಟ್ಟುಕೊಳ್ಳಲಿ ಅಂದಿರಲ್ಲ, ಅದಕ್ಕೆ ನನ್ನ ಒಪ್ಪಿಗೆ ಇದೆ ಅಕ್ಕ.

ಪೇಪರ್ ಓದುಗ (ಚಳ್ಳಕೆರೆ)

ಎಕ್ಸ್‌ಟ್ಯಾಟಿಕ್ ಸ್ಪೆಲಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಹೇಳೋವಾಗ 'ಎಕ್ಸ್' ಅಂತ ಕೇಳಿಸುತ್ತೆ, ಅದಕ್ಕೆ ಎಷ್ಟೋ ಜನ ಎಕ್ಸ್ ಅಕ್ಷರವನ್ನೇ ಹಾಕುತ್ತಾರೆ. ಅದರಲ್ಲಿ ಎಕ್ಸ್ ಇಲ್ಲ. ಇ, ಸಿ, ಎಸ್, ಆಮೇಲೆ 'ಸ್ಟ್ಯಾಟಿಕ್'ನ ಉಳಿದ ಭಾಗ ಟಿ, ಎ, ಟಿ, ಐ, ಸಿ. 'ಇಸಿ' ಬರೆದು ಪಕ್ಕದಲ್ಲಿ 'ಸ್ಟ್ಯಾಟಿಕ್' ಬರೆದರೆ ಆಯ್ತು. ಮಕ್ಕಳು ಮರೆಯಲ್ಲ. ಓವರ್‌ಜಾಯ್ಡ್ ಕೂಡ ಒಂದೇ ಪದ, ನಡುವೆ ಜಾಗ ಬಿಡಬಾರದು.

ಪಿಯುಸಿ ಹುಡುಗಿ (ಜಗಳೂರು)

ಪತ್ರ ಕಳಿಸಿದೆ. ಎಲ್ಲರಿಗೂ ಧನ್ಯವಾದಗಳು. ಕೊನೇದಾಗಿ ಒಂದು ಪ್ರಶ್ನೆ. 'ಓವರ್ ದಿ ಮೂನ್' ಅಂತ ಕೇಳಿದ್ದೇನೆ. ಅದನ್ನು ಪರೀಕ್ಷೆಯಲ್ಲಿ ಬರೀಬಹುದಾ?

ಕೋಟೆನಾಡಿನ ಮೇಷ್ಟ್ರು (ಚಿತ್ರದುರ್ಗ)

ಗೆಳತಿಗೋ ಅಕ್ಕನಿಗೋ ಬರೆಯೋ ಪತ್ರ ಆದರೆ ಬರಿ. ಹೆಡ್‌ಮಾಸ್ಟರಿಗೆ, ಕಲೆಕ್ಟರಿಗೆ ಬರೆಯೋ ಪತ್ರದಲ್ಲಿ ಬೇಡ. ಅದು ಮಾತಿನ ಸಲುಗೆ ಇರೋ ಪ್ರಯೋಗ. ಅದರ ಹಿಂದೆಯೂ ವೆರಿ ಹಾಕಬೇಡ.